ಮನಿ ಮಂದಿ ನಾಡಿ

ನಮ್ಮ ಮನಿಗೂ ದವಾಖಾನಿಗೂ ನಡುವ
ಒಂದ ಗ್ವಾಡಿ. ಅದೂ ಅರ್ಧ.
ಮ್ಯಾಲಿನರ್ಧ ಹಲಗಿ, ಹಲಗಿಗೆ ಬಿರುಕು.
ಆ ಬಿರುಕಿನ್ಯಾಗಿಂದ ಗುಳೇದಗುಡ್ಡದ ಕೆಮ್ಮೆಲ್ಲಾ
ನಮ್ಮ ಊಟದ ತಾಟಿಗೆ ಬಂದು ಬೀಳತಿತ್ತು.

ಅಪ್ಪ ರೊಟ್ಟಿ ಮುರಕೋತ, ತಲಿ ಎತ್ತದ ಹೇಳಾಂವ:
‘ಇದು ಕುಣಿಮಗ್ಗದ ಕೆಮ್ಮು. ಒಣಾ.
ಚಿಂದಿಯವರ ಸಂಕಣ್ಣ ಇರಬೇಕು.
ಕೂಡಂತ ಹೇಳು, ಇನ್ನರ್ಧ ರೊಟ್ಟಿ ಐತಿ.’

ಫೀ ಎರಡು ರೂಪಾಯಿ. ಇಲ್ಲದವರು ಖಣ ಕೊಡತಿದ್ದರು.
ಅವ್ವನ ಟ್ರಂಕಿನ್ಯಾಗ ಖಣಕ್ಕ ಬಣ್ಣದ ಹೆಸರಿರಲಿಲ್ಲ:
ಇದು ಕಾಮಾಲಿ, ಇದು ಟೈಫೈಡು,
ಈ ಅಂಚಿಂದು ನಾಗಪ್ಪನ ಮುರದ ಕಾಲು,
ಈ ಕೆಂಪು, ಮಡಿಕಿ ಬಿಚ್ಚಬ್ಯಾಡ,
ದೊಡ್ಡಕ್ಕನ ಅವಳಿ ಹೆರಿಗಿ.
ಪಂಚಮಿಗೊಂದು, ದೀಪಾವಳಿಗೊಂದು ಕುಪ್ಪಸ ಹೊಲಿಸಿ
ಅವ್ವ ಓಣಿಯೊಳಗ ನಡದರ
ಊರಿನ ಜಡ್ಡು ಆಕಿ ಮೈಮ್ಯಾಲ
ವಾಸಿಯಾಗಿ ಮಿಂಚತಿತ್ತು.

ಆದರ ನಮಗ ಜ್ವರ ಬಂದರ
ಅಪ್ಪ ಮುಟ್ಟತಿರಲಿಲ್ಲ.
ಕಂಪೌಂಡರ್ ಟಿಪ್ಪಣ್ಣ ಸೈಕಲ್ ಹತ್ತಿ
ಬಾಗವಾನ ಡಾಕ್ಟರನ್ನ ಕರಕೊಂಡು ಬರಾಂವ.
ಅವರು ಬಂದು ಹೊರಸಿನ ಮ್ಯಾಲ ಕುಂತು
ನನ್ನ ಮುಂಗೈ ಹಿಡದು ಗಡಿಯಾರ ನೋಡಿದರ
ಅಪ್ಪ ಬಾಗಲಕ್ಕ ಒರಗಿ, ಕೈಕಟ್ಟಿ,
ಯಾರೋ ರೈತನಂಗ ಕೇಳಾಂವ:
‘ಮಸರು ಕೊಡಬಹುದೇನ್ರಿ?’

ಐದು ರೂಪಾಯಿ ಕೊಡಾಂವ. ಅವರು ತಗೊಳ್ಳಾಂವರು.
ಮುಂದಿನ ತಿಂಗಳು ಅವರ ಮಗಳಿಗೆ ಗಂಟಲಬ್ಯಾನಿ,
ಐದು ತಿರಗಿ ಬರತಿತ್ತು.
ಒಂದ ನೋಟು, ಎರಡು ಮನಿ,
ಮೂಲಿ ಹರದು, ಅಂಟು ಹಚ್ಚಿಸಿಕೊಂಡು,
ಎಷ್ಟು ವರ್ಷ ತಿರಗಿತೋ.

ಒಂದ ಸಲ, ನಾಲ್ಕನೇತ್ತೆ ಇದ್ದೆ,
ಅವ್ವನ ಹಳೇ ಸೀರಿ ಮುಸುಕ ಹಾಕ್ಕೊಂಡು
ಪಾಳಿಯೊಳಗ ನಿಂತೆ. ತಗಡಿನ ಬಿಲ್ಲೆ, ನಂಬರ ಹನ್ನೊಂದು.
ಎಲ್ಲಾರ ಕೈ ಹಿಡೀತಾನ, ನಂದ್ಯಾಕ ಬ್ಯಾಡ?
ನನ್ನ ಪಾಳಿ ಬಂತು. ಕೈ ಚಾಚಿದೆ.
ಬೆರಳಿಗೆ ಸಾಲಿ ಮಸಿ.
ಅಪ್ಪ ಮಸಿ ನೋಡಿದ, ಮುಸುಕ ನೋಡಲಿಲ್ಲ.
‘ಟಿಪ್ಪಣ್ಣ, ಈ ಪೇಶಂಟನ್ನ
ಬಾಗವಾನ ಡಾಕ್ಟರ್ ಕಡೆ ಕಳಸು.’
ಪಾಳಿಯೆಲ್ಲಾ ನಕ್ಕಿತು. ಸಂಕಣ್ಣ ಕೆಮ್ಮು ಬಿಟ್ಟು ನಕ್ಕ.
ನಾನು ಮೂರು ದಿನ ಮಾತು ಬಿಟ್ಟೆ.

ಯಾಕಂತ ಅವ್ವ ಹೇಳಿದ್ದು ನನ್ನ ಬಾಣಂತನದಾಗ,
ಕೂಸಿಗೆ ಎಣ್ಣಿ ತಿಕ್ಕೋತ, ನಡುವ ಒಂದ ಮಾತಿನಂಗ:
ನಮಗಿಂತ ಮೊದಲೊಬ್ಬಾಕಿ ಇದ್ದಳಂತ. ಹನ್ನೊಂದು ತಿಂಗಳು.
ಮೈ ಸುಡತಿತ್ತು. ಅಪ್ಪನ ನಾಡಿ ನೋಡಿ ಅಂದನಂತ:
‘ಹಲ್ಲು ಬರಾಕ ಹತ್ಯಾವ, ಅಂಜಬ್ಯಾಡ.’

ಹಲ್ಲೇನೋ ಬಂದಿದ್ದವು, ಅಂದಳು ಅವ್ವ. ಎರಡು.
ಆಮ್ಯಾಲ ಎಣ್ಣಿ ಬಟ್ಟಲ ಸರಿಸಿ
ಬಿಸಿನೀರು ತರಾಕ ಎದ್ದಳು.

ಬಾಗವಾನ ಡಾಕ್ಟರ್ ಹೋಗಿ ಆರು ವರ್ಷಾತು.
ಮಣ್ಣಿಗೆ ಹೋಗಿ ಬಂದ ಅಪ್ಪ
ಆ ದಿನ ಬೋರ್ಡು ಇಳಸಿದ.
ಈಗ ಹಲಗಿ ಆಚೆ ಮೊಬೈಲ್ ರಿಪೇರಿ ಅಂಗಡಿ.
ಕೆಮ್ಮಿಲ್ಲ. ರಿಂಗ್ ಟೋನು ಬರತಾವ ತಾಟಿಗೆ.

ಮೊನ್ನೆ ರಾತ್ರಿ ಅಪ್ಪಗ ಚಳಿಜ್ವರ.
ಬಾಗಲಕೋಟಿಗೆ ಗಾಡಿ ಮಾಡತೇನಂದೆ.
‘ಮುಂಜಾನಿ ನೋಡೂಣು’ ಅಂದ.
ಸ್ವಲ್ಪ ಹೊತ್ತು ಬಿಟ್ಟು ಕೈ ಹೊದಿಕಿ ಹೊರಗ ತಗದ:
‘ನೀನ ಎಣಸು. ಗಣಿತದ ಮಾಸ್ತರಬಾಯಿ ಅಲ್ಲೇನು?’

ಮೂವತ್ತು ವರ್ಷ ಹುಡುಗರಿಗೆ ಎಣಕಿ ಕಲಿಸೀನಿ.
ಗ್ವಾಡಿ ಗಡಿಯಾರ ನೋಡಕೋತ ಹಿಡದೆ.
ನಲವತ್ಮೂರಕ್ಕ ತಪ್ಪಿತು. ಮೊದಲಿಂದ ಹಿಡದೆ.
ಹತ್ತೊಂಬತ್ತಕ್ಕ ತಪ್ಪಿತು.
ನನ್ನ ಬೆರಳಿನ ಬಡತ ಯಾವುದು, ಅವನದ್ಯಾವುದು.

‘ಎಷ್ಟು?’
‘ಎಪ್ಪತ್ತೆರಡು.’
‘ಸುಳ್ಳು’ ಅಂದ ಅಪ್ಪ, ಕಣ್ಣು ಮುಚ್ಚಿದಾಂವ ಮುಚ್ಚಿದಂಗ.
ಕೈ ಹಿಂದಕ ತಗೊಳ್ಳಲಿಲ್ಲ.
‘ಕೂಡು. ಇನ್ನೊಮ್ಮೆ ಎಣಸು.’